ಬಸ್ಸಿನ ಊರ ಬೋರ್ಡು ಓದೋಕೆ ಬರ್ತಿಲ್ಲವೇ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಹೋದ ಬೇಸಿಗೆಯಲ್ಲಿ ಗಂಗಾವತಿ ನಿಲ್ದಾಣದಲ್ಲಿ ಒಬ್ಬ ಅಜ್ಜಿ ನನ್ನ ತೋಳು ಹಿಡಿದು ಕೇಳಿದರು: “ಯಪ್ಪಾ, ಕ ಅಂತೂ ಕಾಣ್ತೈತಿ. ಮುಂದಿಂದು ಏನೈತಿ ನೋಡಿ ಹೇಳು.” ಎದುರಿಗೆ ಬರುತ್ತಿದ್ದ ಬಸ್ಸಿನ ಎಲ್‌ಇಡಿ ಬೋರ್ಡು ಹತ್ತಿತ್ತು. ಆದರೆ ಮಧ್ಯಾಹ್ನದ ಬಿಸಿಲಿಗೆ ನನಗೂ ಮೊದಲ ಅಕ್ಷರ ಬಿಟ್ಟು ಬೇರೇನೂ ಕಾಣಲಿಲ್ಲ. ಗಂಗಾವತಿಯಲ್ಲಿ ನಿಂತವರಿಗೆ ಕ ಒಂದೇ ಕಂಡರೆ ಏನು ಉಪಯೋಗ? ಕೊಪ್ಪಳ, ಕಂಪ್ಲಿ, ಕುಷ್ಟಗಿ, ಕಾರಟಗಿ, ಕನಕಗಿರಿ ಎಲ್ಲವೂ ಕ ಇಂದಲೇ ಶುರು, ಎಲ್ಲ ಕಡೆಗೂ ಅಲ್ಲಿಂದಲೇ ಬಸ್ಸು. ಅಜ್ಜಿಗೆ ಬೇಕಿದ್ದದ್ದು ಕನಕಗಿರಿ. ಬಂದದ್ದು ಕಾರಟಗಿ ಬಸ್ಸು.

ನಾನು ಸಿಂಧನೂರಿನಲ್ಲಿ ಬಸ್ಸು, ಲಾರಿ ವೈರಿಂಗ್ ಕೆಲಸ ಮಾಡುತ್ತೇನೆ. ಬೋರ್ಡು ಕೆಟ್ಟಿದೆ ಅಂತ ನಮ್ಮಲ್ಲಿಗೆ ಬರುವ ಬಸ್ಸುಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ಬೋರ್ಡಲ್ಲ. ಗಾಜಿನ ಮೇಲಿನ ದೂಳು, ಓಡುವ ಅಕ್ಷರ, ಕತ್ತರಿಸಿಹೋದ ಒತ್ತು, ಇಂಥವೇ ಇರುತ್ತವೆ. ಅದಕ್ಕೆ ಖರ್ಚಿಲ್ಲದ ತಪಾಸಣೆಯಿಂದ ಶುರುಮಾಡಿ ಖರ್ಚಿನದಕ್ಕೆ ಹೋಗುವ ಹಾಗೆ ಇದನ್ನು ಬರೆದಿದ್ದೇನೆ. ಖಾಸಗಿ ಬಸ್ಸು, ಶಾಲಾ ಬಸ್ಸು ನಡೆಸುವವರು ಪೂರ್ತಿ ಮಾಡಿಕೊಳ್ಳಬಹುದು. ಡಿಪೋ ಬಸ್ಸಿನ ಚಾಲಕರು, ನಿರ್ವಾಹಕರು ಗಾಜು ಒರೆಸಿ, ಲಕ್ಷಣ ಬರೆದುಕೊಟ್ಟರೆ ಸಾಕು. ವೈರಿಗೆ ಕೈ ಹಾಕುವುದು ಡಿಪೋದ ಎಲೆಕ್ಟ್ರಿಷಿಯನ್ ಕೆಲಸ.

ಮೊದಲು ಅರವತ್ತು ಹೆಜ್ಜೆ ನಡೆಯಿರಿ

ಬೋರ್ಡು ಹಾಕಿ, ಬಸ್ಸಿನಿಂದ ಇಳಿದು, ಎದುರಿಗೆ ಅರವತ್ತು ಹೆಜ್ಜೆ ನಡೆದು ತಿರುಗಿ ನೋಡಿ. ಅದು ಹೆಚ್ಚುಕಡಿಮೆ 40 ಮೀಟರ್. ಚಾಲಕರ ಸೀಟಿನ ಹತ್ತಿರ ನಿಂತು ತಲೆ ಎತ್ತಿ ನೋಡಿದರೆ ಯಾವ ಬೋರ್ಡೂ ಚೆನ್ನಾಗಿಯೇ ಕಾಣುತ್ತದೆ. ಊರಿನ ಹೆಸರು ಮೊದಲೇ ಗೊತ್ತಿರುವ ನಿಮ್ಮ ಕಣ್ಣನ್ನೂ ನಂಬಬೇಡಿ. ಅಲ್ಲೇ ನಿಂತಿರುವ ಒಬ್ಬರನ್ನು, ಸಾಧ್ಯವಾದರೆ ವಯಸ್ಸಾದವರನ್ನು, “ಯಾವೂರಂತ ಐತ್ರಿ?” ಎಂದು ಕೇಳಿ. ಅವರು ತಡವರಿಸಿದರೆ ಬೋರ್ಡಿನಲ್ಲಿ ತಪ್ಪಿದೆ.

40 ಮೀಟರೇ ಏಕೆ ಅಂದರೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ರಸ್ತೆ ಬದಿಯ ಸ್ಟಾಪಿನಲ್ಲಿ ನಿಂತವರು 40 ಮೀಟರಿನಿಂದ ಓದಲು ಶುರುಮಾಡಿದರೆ ಅವರ ಕೈಯಲ್ಲಿರುವುದು ಮೂರೂವರೆ ಸೆಕೆಂಡು. ಅಷ್ಟರಲ್ಲಿ ಓದಿ, ನಮ್ಮ ಬಸ್ಸು ಹೌದೋ ಅಲ್ಲವೋ ಎಂದು ತಿಳಿದು, ಕೈ ಎತ್ತಬೇಕು.

“ಬೋರ್ಡು ಹತ್ತೈತಿ, ಹಗಲಿಗೆ ಕಾಣಂಗಿಲ್ಲ”

ರಾತ್ರಿ ಚೆನ್ನಾಗಿ ಕಂಡು ಹಗಲಿಗೆ ಮಸುಕಾದರೆ ವೈರಿಂಗ್ ಬಹುಮಟ್ಟಿಗೆ ಸರಿಯಿದೆ ಎಂದೇ ಅರ್ಥ. ಮೊದಲು ಗಾಜು ನೋಡಿ. ಹೊರಗಿನ ಗಾಜನ್ನು ಎಲ್ಲರೂ ತೊಳೆಯುತ್ತಾರೆ, ಒಳಬದಿ ಯಾರೂ ಮುಟ್ಟುವುದಿಲ್ಲ. ಚಾಲಕರ ತಲೆಯ ಮೇಲಿನ ಮುಚ್ಚಳ ತೆಗೆದು ಗಾಜಿನ ಒಳಬದಿಗೆ ಬೆರಳು ಎಳೆದು ನೋಡಿ. ಸಂಡೂರು ಕಡೆ ಓಡಾಡುವ ಬಸ್ಸಾದರೆ ಬೆರಳು ಕೆಂಪಾಗುತ್ತದೆ. ಭತ್ತದ ಸೀಮೆಯಲ್ಲಿ, ರೈಸ್ ಮಿಲ್ಲುಗಳ ನಡುವೆ ಓಡುವ ಬಸ್ಸಾದರೆ ಬೂದು ಬಣ್ಣದ ನಯವಾದ ದೂಳು. ಈ ಪದರದ ಮೇಲೆ ಬಿಸಿಲು ಬಿದ್ದರೆ ಗಾಜೇ ಬೆಳ್ಳಗೆ ಹೊಳೆದು, ಹಿಂದಿನ ಅಕ್ಷರ ಮುಳುಗಿಹೋಗುತ್ತದೆ.

ಒರೆಸುವಾಗ ಸ್ವಿಚ್ ಆಫ್ ಇರಲಿ. ಒಣ ಬಟ್ಟೆಯಿಂದ ಉಜ್ಜಬೇಡಿ, ದೂಳಿನ ಕಣ ಗೀರು ಹಾಕುತ್ತದೆ. ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಹತ್ತಿ ಬಟ್ಟೆ ಸಾಕು. ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ ಇದ್ದರೆ ಥಿನ್ನರ್, ಪೆಟ್ರೋಲ್ ಹಾಕಲೇಬೇಡಿ. ನವಿರಾದ ಬಿರುಕು ಬಿಟ್ಟು ಶಾಶ್ವತವಾಗಿ ಮಂಜಾಗುತ್ತದೆ. ಎಲ್‌ಇಡಿ ಚುಕ್ಕೆಗಳಿರುವ ಪ್ಯಾನೆಲ್ ಮೇಲಿನ ದೂಳಿಗೆ ಪೇಂಟ್ ಬ್ರಷ್ ಬಳಸಿ, ನೀರು ತಾಗಿಸಬೇಡಿ.

ಎರಡನೆಯದು ಗಾಜಿನ ಮುಂದಿರುವ ವಸ್ತುಗಳು. ಬಣ್ಣದ ಫಿಲ್ಮ್, ಪೂಜೆಯ ಹಾರ, ಮೆಣಸಿನಕಾಯಿ-ನಿಂಬೆಹಣ್ಣಿನ ಸರ, ದೊಡ್ಡ ಸ್ಟಿಕ್ಕರ್. ದೇವರ ಹೆಸರು ಬಸ್ಸಿನ ಮೇಲೆ ಇರಲೇಬೇಕು, ನಾನೂ ಹಾಕಿಸಿಕೊಡುತ್ತೇನೆ. ಆದರೆ ಊರಿನ ಹೆಸರಿಗೆ ಅಡ್ಡ ಬಾರದ ಜಾಗದಲ್ಲಿ ಇರಲಿ. ಹಾರವನ್ನು ಎರಡು ಇಂಚು ಕೆಳಗೆ ಕಟ್ಟಿದರೂ ಸಾಕು.

ಇಷ್ಟಾದ ಮೇಲೂ ಕಾಣದಿದ್ದರೆ ಬ್ರೈಟ್‌ನೆಸ್ ಸೆಟ್ಟಿಂಗ್ ನೋಡಿ. ರಾತ್ರಿ ಕಣ್ಣಿಗೆ ಹೊಡೆಯುತ್ತದೆ ಅಂತ ಯಾರೋ ಕಡಿಮೆ ಮಾಡಿ ಹಾಗೇ ಬಿಟ್ಟಿರುತ್ತಾರೆ. ಬೋರ್ಡಿಗೆ ಅಕ್ಷರ ಕಳಿಸುವ ಕಂಟ್ರೋಲರ್ ಕಾರ್ಡಿನ ತಂತ್ರಾಂಶದಲ್ಲಿ ಹಗಲು-ರಾತ್ರಿಗೆ ಬೇರೆ ಬೇರೆ ಬ್ರೈಟ್‌ನೆಸ್ ಹಾಕುವ ಅವಕಾಶವಿದ್ದರೆ ಅದನ್ನೇ ಬಳಸಿ. ಆಗ ಕಾರ್ಡಿನ ಗಡಿಯಾರವೂ ಸರಿ ಇರಬೇಕು. ಗಡಿಯಾರದ ಬಟನ್ ಸೆಲ್ ಸತ್ತರೆ ಮಧ್ಯಾಹ್ನವನ್ನೇ ರಾತ್ರಿ ಅಂದುಕೊಂಡು ಬೋರ್ಡು ಮಂಕಾಗಿ ಕೂರುತ್ತದೆ.

ಬೆಳಿಗ್ಗೆ ಸಿಂಧನೂರಿನಿಂದ ರಾಯಚೂರಿಗೆ ಹೊರಟಾಗ ಮಾತ್ರ ಕಾಣದು, ವಾಪಸು ಬರುವಾಗ ಕಾಣುತ್ತದೆ ಎಂದರೆ ಅದು ಎದುರು ಬಿಸಿಲು. ಗಾಜಿನ ಮೇಲ್ಭಾಗಕ್ಕೆ ನಾಲ್ಕು ಬೆರಳು ಅಗಲದ ತಗಡಿನ ಚಜ್ಜ ಹಾಕಿಸಿ, ಅದರ ಕೆಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಸಿ. ಹೊಸ ಬೋರ್ಡು ತರುವ ಮೊದಲು ಇದನ್ನು ಮಾಡಿ ನೋಡಿ.

ತರಲೇಬೇಕಾದರೆ ಕೆಂಪು ಬೇಡ, ಅಂಬರ್ (ಹಳದಿ-ಕಿತ್ತಳೆ) ಬಣ್ಣದ್ದು ತನ್ನಿ. ಹಗಲಿನಲ್ಲಿ ನಮ್ಮ ಕಣ್ಣು ಹೆಚ್ಚು ಚುರುಕಾಗಿರುವುದು 555 ನ್ಯಾನೊಮೀಟರ್ ಸುತ್ತಮುತ್ತಲ ಹಳದಿ-ಹಸಿರು ಬೆಳಕಿಗೆ. ಅಂಬರ್ ಇರುವುದು 590ರ ಹತ್ತಿರ, ಕೆಂಪು ಇನ್ನೂ ಆಚೆಗೆ. ಬಣ್ಣಗುರುಡು ಇರುವ ಕೆಲವರಿಗೆ ಕೆಂಪು ಅಕ್ಷರ ಕಪ್ಪಿನಲ್ಲಿ ಸೇರಿಹೋಗುತ್ತದೆ.

“ಓದಿ ಮುಗಿಯೋದ್ರಾಗ ಬಸ್ ಮುಂದ ಹೋಗಿರ್ತೈತಿ”

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ತಪ್ಪು ಇರುವುದು ಓಡುವ ಅಕ್ಷರದಲ್ಲಿ.

ನಮ್ಮ ಕಡೆಯ ಖಾಸಗಿ ಬಸ್ಸುಗಳಿಗೆ ಹೆಚ್ಚಾಗಿ ಹಾಕುವುದು ಪಿ-10 ಪ್ಯಾನೆಲ್. ಒಂದೊಂದರಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16 ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ 10 ಮಿಲಿಮೀಟರ್. ಆರು ಪ್ಯಾನೆಲ್ ಜೋಡಿಸಿದರೆ 192 ಚುಕ್ಕೆ ಅಗಲ. “ರಾಯಚೂರು - ಮಾನ್ವಿ - ಸಿಂಧನೂರು - ಗಂಗಾವತಿ” ಎಂದು ಬರೆದರೆ ಸುಮಾರು 300 ಚುಕ್ಕೆ ಬೇಕು, ಹಿಡಿಯುವುದಿಲ್ಲ. ಅದಕ್ಕೆ ಓಡಿಸುತ್ತಾರೆ. ಸೆಕೆಂಡಿಗೆ 60 ಚುಕ್ಕೆ ಸರಿದರೆ ಪೂರ್ತಿ ಸಾಲು ಬಂದು ಹೋಗಲು ಎಂಟು ಸೆಕೆಂಡು. ಅಷ್ಟರಲ್ಲಿ ಬಸ್ಸು 90 ಮೀಟರ್ ದಾಟಿರುತ್ತದೆ. ಓದುವವರ ಹತ್ತಿರ ಇರುವುದು ಮೂರೂವರೆ ಸೆಕೆಂಡು ಎಂದು ಮೊದಲೇ ನೋಡಿದೆವು. ಅವರ ಪಾಲಿಗೆ ಬರುವುದು “...ನ್ವಿ - ಸಿಂಧ...” ಮಾತ್ರ.

ಮುಂದಿನ ಬೋರ್ಡಿನಲ್ಲಿ ಕೊನೆಯ ಊರು ಒಂದೇ ಇರಲಿ, ನಿಂತೇ ಇರಲಿ. ನಡುವಿನ ಊರುಗಳು ಬಾಗಿಲ ಪಕ್ಕದ ಬೋರ್ಡಿಗೆ ಹೋಗಲಿ. ಅಲ್ಲಿ ಬಸ್ಸು ನಿಂತಿರುತ್ತದೆ, ಜನ ಓದಿಕೊಳ್ಳುತ್ತಾರೆ. ಪಕ್ಕದ ಬೋರ್ಡು ಇಲ್ಲದಿದ್ದರೆ ಎರಡು ಪುಟ ಮಾಡಿ: “ಗಂಗಾವತಿ” ನಾಲ್ಕು ಸೆಕೆಂಡು, “ಸಿಂಧನೂರು ಮೇಲೆ” ಮೂರು ಸೆಕೆಂಡು. ಇಂಗ್ಲಿಷ್ ಪುಟ ಬೇಕಿದ್ದರೆ ಕನ್ನಡದ ನಂತರ ಬರಲಿ. “ಸ್ವಾಗತ”, “ಶುಭ ಪ್ರಯಾಣ”, ಹೂವಿನ ಚಿತ್ರ, ಮಿಣುಕುವ ಅಂಚು ಎಲ್ಲ ತೆಗೆಯಿರಿ. ಕೊಪ್ಪಳದ ಗವಿಮಠದ ಜಾತ್ರೆಗೋ ಹುಲಿಗಿ ಹುಣ್ಣಿಮೆಗೋ ಬಿಡುವ ಬಸ್ಸಿನಲ್ಲಿ “ಜಾತ್ರಾ ವಿಶೇಷ” ಎಂದು ಮಾತ್ರ ಓಡುತ್ತಿದ್ದರೆ ಅದು ಜಾತ್ರೆಗೆ ಹೋಗುತ್ತಿದೆಯೋ ಜಾತ್ರೆಯಿಂದ ಬರುತ್ತಿದೆಯೋ ಗೊತ್ತಾಗುವುದಿಲ್ಲ. ಊರ ಹೆಸರು ಬೇಕು.

“ಅಕ್ಷರ ಒಡದಾವು, ಒತ್ತು ಕಾಣಂಗಿಲ್ಲ”

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಕನ್ನಡ ಬೋರ್ಡಿನ ಅಸಲಿ ತೊಂದರೆ ಇದೇ, ಇದನ್ನು ಯಾರೂ ದೋಷ ಎಂದೇ ಎಣಿಸುವುದಿಲ್ಲ.

ಇಂಗ್ಲಿಷಿನ ದೊಡ್ಡಕ್ಷರ 16 ಸಾಲಿನ ಪ್ಯಾನೆಲ್‌ನಲ್ಲಿ ಮೇಲಿಂದ ಕೆಳಗಿನವರೆಗೂ ತುಂಬಿಕೊಳ್ಳುತ್ತದೆ. ಕನ್ನಡ ಹಾಗಲ್ಲ. ಮೇಲೆ ಗುಡಿಸಿಗೆ, ಏತ್ವಕ್ಕೆ ಎರಡು-ಮೂರು ಸಾಲು ಬೇಕು. ಕೆಳಗೆ ಒತ್ತಿಗೆ ನಾಲ್ಕೈದು. ಮೂಲ ಅಕ್ಷರಕ್ಕೆ ಉಳಿಯುವುದು ಎಂಟೋ ಒಂಬತ್ತೋ ಸಾಲು, ಅಂದರೆ 80-90 ಮಿಲಿಮೀಟರ್. ಬ್ರಿಟನ್ನಿನ 2000ದ ಬಸ್ ನಿಯಮದಲ್ಲಿ ಮುಂದಿನ ಬೋರ್ಡಿನ ಊರ ಹೆಸರಿಗೆ ಕನಿಷ್ಠ 125 ಮಿಲಿಮೀಟರ್, ಮಾರ್ಗ ಸಂಖ್ಯೆಗೆ 200 ಮಿಲಿಮೀಟರ್ ಎತ್ತರ ಬೇಕು ಎಂದಿದೆ. ಸುತ್ತು, ಕೊಂಬು ಹೆಚ್ಚಿರುವ ನಮ್ಮ ಲಿಪಿಗೆ ಅದಕ್ಕಿಂತ ಕಡಿಮೆ ಜಾಗ ಕೊಟ್ಟರೆ ಹೇಗೆ ನಡೆದೀತು?

ನಮ್ಮ ಊರುಗಳ ಹೆಸರನ್ನೇ ನೋಡಿ. ಸಿಂಧನೂರು, ಗಂಗಾವತಿ, ರಾಯಚೂರು, ಹೊಸಪೇಟೆಗೆ ಒತ್ತಿಲ್ಲ. ಬಳ್ಳಾರಿ, ಕೊಪ್ಪಳ, ಸಿರುಗುಪ್ಪ, ಕಂಪ್ಲಿ, ಮಸ್ಕಿ, ಮಾನ್ವಿ, ಕುಷ್ಟಗಿಗೆ ಒತ್ತಿದೆ. ಒತ್ತಿಲ್ಲದ ಊರಿಗೆ ಸರಿಹೊಂದಿಸಿದ ಸೈಜಿನಲ್ಲೇ ಒತ್ತಿರುವ ಊರನ್ನೂ ಹಾಕಿದರೆ ಬಳ್ಳಾರಿ ಹೋಗಿ “ಬಳಾರಿ” ಆಗುತ್ತದೆ, ಕೊಪ್ಪಳ “ಕೊಪಳ” ಆಗುತ್ತದೆ. ಒಂದೇ ಬೋರ್ಡು ಸಿಂಧನೂರಿಗೆ ಹೋಗುವಾಗ ಸರಿ, ಬಳ್ಳಾರಿಗೆ ಬರುವಾಗ ತಪ್ಪು ಅನಿಸಿದರೆ ಕಾರಣ ಇದೇ. ಪ್ಯಾನೆಲ್ ಬಿಚ್ಚಬೇಡಿ.

ಲಕ್ಷಣ ನೋಡಿ ಕಾರಣ ತಿಳಿಯುವುದು ಹೀಗೆ. ಅಕ್ಷರದ ಬುಡ ನೇರವಾಗಿ ಕತ್ತರಿಸಿದಂತಿದ್ದರೆ ಸೈಜು ಹೆಚ್ಚಾಗಿದೆ ಅಥವಾ ಸಾಲು ಕೆಳಗೆ ಕೂತಿದೆ. ಎರಡು ಚುಕ್ಕೆ ಮೇಲೆತ್ತಿ ನೋಡಿ. ‘ಧ’ ಹೋಗಿ ‘ದ’ ಆಗಿದ್ದರೆ, ‘ಪ’ಕ್ಕೂ ‘ಷ’ಕ್ಕೂ ವ್ಯತ್ಯಾಸ ಕಾಣದಿದ್ದರೆ ಫಾಂಟು ಅಲಂಕಾರದ್ದು ಅಥವಾ ತೀರಾ ದಪ್ಪದ್ದು. ಸಾದಾ ಗೆರೆಯ ಫಾಂಟಿಗೆ ಬದಲಿಸಿ. ‘ಪ್ಪ’ ಬರುವ ಕಡೆ ಅರ್ಧಾಕ್ಷರದ ಕೊಂಬಿನೊಡನೆ ‘ಪ್‌ಪ’ ಎಂದು ಬಿಡಿಬಿಡಿಯಾಗಿ ಬಂದರೆ ಆ ತಂತ್ರಾಂಶಕ್ಕೆ ಕನ್ನಡ ಕೂಡಿಸಲು ಬರುವುದಿಲ್ಲ. ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್ ಜಾಗಕ್ಕೆ ಅಂಟಿಸಿದ್ದೀರಿ.

ಕೊನೆಯ ಎರಡಕ್ಕೂ ಮದ್ದು ಒಂದೇ. ಊರ ಹೆಸರನ್ನು ಅಕ್ಷರವಾಗಿ ಕೊಡದೆ ಚಿತ್ರವಾಗಿ ಕೊಡಿ. ಕಂಪ್ಯೂಟರಿನ ಪೇಂಟ್‌ನಲ್ಲಿ 192 ಅಗಲ, 16 ಎತ್ತರದ ಕಪ್ಪು ಹಾಳೆ ಮಾಡಿ, ದೊಡ್ಡದು ಮಾಡಿಕೊಂಡು, ಚುಕ್ಕೆ ಚುಕ್ಕೆಯಾಗಿ ತಿದ್ದಿ. ‘ಳ್ಳಾ’ದ ಒತ್ತು ಮೇಲಿನ ಅಕ್ಷರಕ್ಕೆ ಅಂಟದ ಹಾಗೆ ನಡುವೆ ಒಂದು ಸಾಲು ಕಪ್ಪು ಬಿಡಬೇಕು, ಆ ಒಂದು ಸಾಲಿನಿಂದ ದೂರಕ್ಕೆ ಓದಿಸಿಕೊಳ್ಳುತ್ತದೆ. ಅಕ್ಷರಗಳ ನಡುವೆ ಎರಡು ಚುಕ್ಕೆ ಜಾಗ ಕೊಡಿ. ನಾನು ಬಳ್ಳಾರಿ ಬರೆಯಲು ಅರ್ಧ ದಿನ ತೆಗೆದುಕೊಂಡಿದ್ದೇನೆ. ಒಮ್ಮೆ ಮಾಡಿದರೆ ಪ್ರತಿ ಬಸ್ಸಿಗೂ ಅದೇ ಚಿತ್ರ.

ಹಣ ಹಾಕುವ ಮನಸ್ಸಿದ್ದರೆ ಒಂದರ ಮೇಲೊಂದು ಎರಡು ಸಾಲು ಪ್ಯಾನೆಲ್ ಹಾಕಿಸಿ, 32 ಚುಕ್ಕೆ ಎತ್ತರ ಸಿಗುತ್ತದೆ. ಆದರೆ ಆ ಜಾಗದಲ್ಲಿ ಎರಡು ಸಾಲು ಬರೆಯುವ ಆಸೆ ಬೇಡ. ಒಂದೇ ಊರು, ದೊಡ್ಡದಾಗಿ.

ವೈರಿಗೆ ಕೈ ಹಾಕುವ ಮುನ್ನ

ಬಸ್ಸು ಸಮತಟ್ಟಾದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕಟ್ಟಿಗೆ ಕೊಡಿ. ಬ್ಯಾಟರಿಯ ಕರೆಂಟು ಕಡಿಯುವ ಕಟ್‌ಆಫ್ ಸ್ವಿಚ್ ತೆಗೆಯಿರಿ. 24 ವೋಲ್ಟು ಮೈಗೆ ಹೊಡೆಯುವುದಿಲ್ಲ ಎಂಬ ಧೈರ್ಯ ಬೇಡ. ಎರಡು ದೊಡ್ಡ ಬ್ಯಾಟರಿ ಶಾರ್ಟ್ ಆದರೆ ಸ್ಪ್ಯಾನರ್ ಕೆಂಪಗೆ ಕಾಯುತ್ತದೆ, ವೈರು ಹತ್ತಿ ಉರಿಯುತ್ತದೆ. ಉಂಗುರ, ಕೈಗಡಿಯಾರ ಬಿಚ್ಚಿಡಿ. ಬೋರ್ಡಿನ ಎತ್ತರಕ್ಕೆ ಏಣಿ ಬಳಸಿ. ಒಳಗಿನ ಎಂಜಿನ್ ಬಾನೆಟ್ ಮೇಲೆ ಹತ್ತಬೇಡಿ, ಬಸ್ಸು ಈಗಷ್ಟೇ ಬಂದಿದ್ದರೆ ಕಾದಿರುತ್ತದೆ, ಜಾರುತ್ತದೆ ಕೂಡ. ಬಸ್ಸು ಓಡುವಾಗ ಚಾಲಕರು ಬೋರ್ಡಿನ ರಿಮೋಟ್, ಮೊಬೈಲ್ ಮುಟ್ಟಬಾರದು.

ಸುಟ್ಟ ವಾಸನೆ, ಹೊಗೆ, ಕರಗಿದ ವೈರು ಕಂಡರೆ ಮುಂದಿನ ಯಾವ ತಪಾಸಣೆಯೂ ಬೇಡ. ಕಟ್‌ಆಫ್ ತೆಗೆದು, ಜನರನ್ನು ಇಳಿಸಿ, ಮೆಕ್ಯಾನಿಕ್ ಕರೆಸಿ.

“ಬೋರ್ಡು ಹತ್ತವಲ್ದು”

ಸ್ವಿಚ್, ನಂತರ ಫ್ಯೂಸ್. ಫ್ಯೂಸ್ ಹೋಗಿದ್ದರೆ ಅದೇ ಅಂಪಿಯರಿನದನ್ನು ಒಮ್ಮೆ ಹಾಕಿ ನೋಡಿ. ಮತ್ತೆ ಹೋದರೆ ನಿಲ್ಲಿಸಿ, ಎಲ್ಲೋ ಶಾರ್ಟ್ ಇದೆ. ದೊಡ್ಡ ಫ್ಯೂಸ್, ತಾಮ್ರದ ಎಳೆ, ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು ಬಸ್ಸಿಗೆ ಬೆಂಕಿ ಇಟ್ಟಂತೆ.

ಫ್ಯೂಸ್ ಸರಿಯಿದ್ದರೆ ಅರ್ಥ್ ವೈರು ನೋಡಿ. ಅದನ್ನು ಬಸ್ಸಿನ ತಗಡಿನ ಮೈಗೆ ಸ್ಕ್ರೂ ಹಾಕಿದ ಕಡೆ ತುಕ್ಕು ಹಿಡಿದಿರುತ್ತದೆ. ಉಜ್ಜಿ ಬಿಗಿ ಮಾಡಿದರೆ ಎಷ್ಟೋ ಬೋರ್ಡು ಅಲ್ಲೇ ಹತ್ತುತ್ತವೆ. ಗುಂಡಿಗೆ ಬಿದ್ದಾಗ ಆರಿ, ಮತ್ತೆ ಹತ್ತುವುದೂ ಅರ್ಥ್ ಅಥವಾ ಸಡಿಲ ಕನೆಕ್ಟರಿನ ಲಕ್ಷಣ.

ಮುಂದಿನದಕ್ಕೆ ಮಲ್ಟಿಮೀಟರ್ ಬೇಕು. ಎಂಜಿನ್ ಬಂದ್ ಇದ್ದಾಗ ಬೋರ್ಡಿಗೆ ಬರುವ ವೈರಿನಲ್ಲಿ 25ರ ಆಸುಪಾಸು, ಎಂಜಿನ್ ಓಡುವಾಗ 27ರಿಂದ 28.5 ವೋಲ್ಟ್ ಇರಬೇಕು. ಇಲ್ಲಿ ಇದ್ದು, ಅದನ್ನು 5 ವೋಲ್ಟಿಗೆ ಇಳಿಸುವ ಕನ್ವರ್ಟರಿನ ಆಚೆ 5 ವೋಲ್ಟ್ ಇಲ್ಲದಿದ್ದರೆ ಕನ್ವರ್ಟರ್ ಸತ್ತಿದೆ. ಬದಲಿಸುವುದೇ ಸರಿ. 12 ವೋಲ್ಟಿನ ಕನ್ವರ್ಟರಿಗೆ ಒಂದೇ ಬ್ಯಾಟರಿಯಿಂದ ಕರೆಂಟು ತೆಗೆದು ಕೊಡಬೇಡಿ, ಎರಡು ಬ್ಯಾಟರಿಗಳ ಚಾರ್ಜು ಏರುಪೇರಾಗಿ ಎರಡೂ ಹಾಳಾಗುತ್ತವೆ.

“ಮಧ್ಯಾಹ್ನ ಆರತೈತಿ, ಸಂಜಿಗೆ ತಾನ ಹತ್ತತೈತಿ”

ಏಪ್ರಿಲ್, ಮೇ ತಿಂಗಳಿನಲ್ಲಿ ಈ ದೂರು ಹೆಚ್ಚು. ಹೊರಗೇ 40 ಡಿಗ್ರಿ ದಾಟಿರುವಾಗ ಮುಚ್ಚಿದ ತಗಡಿನ ಡಬ್ಬಿಯೊಳಗೆ ಎಷ್ಟು ಕಾವು ಇರಬಹುದು ಯೋಚಿಸಿ. ಕನ್ವರ್ಟರ್ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗುತ್ತದೆ, ತಣ್ಣಗಾದ ಮೇಲೆ ಶುರುವಾಗುತ್ತದೆ. ಅದರೊಳಗಿನ ಕೆಪಾಸಿಟರುಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕನ್ವರ್ಟರನ್ನು ಡಬ್ಬಿಯಿಂದ ಹೊರಗೆ, ಗಾಳಿಯಾಡುವ ನೆರಳಿನ ಕಡೆಗೆ ತನ್ನಿ. ಡಬ್ಬಿಯ ತಳಕ್ಕೆ ತೂತು ಕೊರೆದು ಜಾಳಿಗೆ ಹಾಕಿ. ಮೇಲ್ಭಾಗಕ್ಕೆ ಕೊರೆಯಬೇಡಿ, ಮಳೆಗಾಲದಲ್ಲಿ ನೀರು ಇಳಿಯುತ್ತದೆ.

“ಸೆಲ್ಫ್ ಹೊಡದ್ರ ಆರತೈತಿ”

ಕ್ಷಣ ಆರಿ ಹತ್ತಿದರೆ ಚಿಂತೆಯಿಲ್ಲ, ಸ್ಟಾರ್ಟರ್ ಎಳೆದಾಗ ವೋಲ್ಟು ಬೀಳುತ್ತದೆ. ಪ್ರತಿ ಸಲವೂ ಹಳೆಯ ಊರೇ ಮರಳಿ ಬಂದರೆ, ಅಥವಾ ಹೆಡ್‌ಲೈಟೂ ಜೊತೆಗೆ ಮಂಕಾದರೆ, ಬ್ಯಾಟರಿ ಪರೀಕ್ಷೆ ಮಾಡಿಸಿ.

“ಒಂದು ತುಂಡು ಕತ್ತಲ ಐತಿ”

ಮೊದಲು ಒಂದು ಮಾತು: ಮೊಬೈಲ್ ಫೋಟೊದಲ್ಲಿ ಗೆರೆ ಗೆರೆಯಾಗಿ, ಅರ್ಧಂಬರ್ಧ ಕಂಡರೆ ಅದು ದೋಷವಲ್ಲ. ಪ್ಯಾನೆಲ್‌ನ ಎಲ್ಲ ಸಾಲೂ ಒಟ್ಟಿಗೆ ಉರಿಯುವುದಿಲ್ಲ, ಸರದಿಯ ಮೇಲೆ ಉರಿಯುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಕಣ್ಣಿನಿಂದಲೇ ನೋಡಿ ನಿರ್ಧರಿಸಿ.

ಒಂದು ಪ್ಯಾನೆಲ್‌ನಿಂದ ಆಚೆಗೆ ಎಲ್ಲವೂ ಕತ್ತಲೆ ಅಥವಾ ಗೋಜಲು ಆಗಿದ್ದರೆ ಆ ಜಾಗದ ರಿಬ್ಬನ್ ಕೇಬಲ್ (ಪ್ಯಾನೆಲ್‌ಗಳನ್ನು ಜೋಡಿಸುವ ಚಪ್ಪಟೆ ವೈರು) ಒತ್ತಿ ಕೂರಿಸಿ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಅದು ಮೇಲೇಳುತ್ತದೆ. ಸರಿಹೋದರೆ ಪ್ಲಾಸ್ಟಿಕ್ ಪಟ್ಟಿ ಹಾಕಿ ಬಿಗಿಯಿರಿ. ಒಂದೇ ಪ್ಯಾನೆಲ್ ಕತ್ತಲೆಯಾಗಿದ್ದರೆ ಅದನ್ನು ಪಕ್ಕದ್ದರೊಂದಿಗೆ ಅದಲುಬದಲು ಮಾಡಿ. ಕತ್ತಲೆ ಪ್ಯಾನೆಲ್ ಜೊತೆಗೇ ಹೋದರೆ ಪ್ಯಾನೆಲ್ ಕೆಟ್ಟಿದೆ, ಜಾಗದಲ್ಲೇ ಉಳಿದರೆ ವೈರು. ಪ್ರತಿ ನಾಲ್ಕು ಸಾಲಿಗೆ ಒಂದು ಸಾಲು ಇಲ್ಲವಾದರೆ ಸಾಲು ಬದಲಿಸುವ ಚಿಪ್ಪು (ಐಸಿ) ಹೋಗಿದೆ. ಎಂಟು ಚುಕ್ಕೆ ಅಗಲ, ನಾಲ್ಕು ಚುಕ್ಕೆ ಎತ್ತರದ ತುಂಡು ಮಾತ್ರ ಹೋಗಿದ್ದರೆ ಆ ಚುಕ್ಕೆಗಳನ್ನು ಉರಿಸುವ 595 ಎಂಬ ಚಿಪ್ಪು ಒಂದು ಹೋಗಿದೆ. ಬೆಸುಗೆ ಬರುವವರು ಚಿಪ್ಪು ಬದಲಿಸಬಹುದು, ಉಳಿದವರು ಪ್ಯಾನೆಲ್ಲನ್ನೇ ಬದಲಿಸಲಿ.

ಕೊನೆಯ ಪ್ಯಾನೆಲ್‌ಗಳು ಮಾತ್ರ ಮಂಕಾಗಿದ್ದರೆ ಅಲ್ಲಿ 5 ವೋಲ್ಟ್ ಅಳೆಯಿರಿ. ನಾಲ್ಕೂವರೆಯ ಹತ್ತಿರ ಇಳಿದಿದ್ದರೆ ವೈರು ಸಣ್ಣದಾಯಿತು. ದಪ್ಪ ವೈರು ಹಾಕಿ, ಎರಡೂ ತುದಿಯಿಂದ ಕೊಡಿ.

“ಮುಂದೊಂದು ಊರು, ಬಾಜೂಕೊಂದು ಊರು”

ವಾಪಸು ಹೊರಡುವಾಗ ಬೋರ್ಡು ಬದಲಿಸಲು ಮರೆಯುವುದು ಎಲ್ಲ ಕಡೆಯೂ ಇದೆ. ನಿರ್ವಾಹಕರು ಮೊದಲ ಟಿಕೆಟ್ ಹರಿಯುವ ಮುನ್ನ ಕೆಳಗಿಳಿದು ಮುಂದೆ, ಪಕ್ಕ, ಹಿಂದೆ ಮೂರೂ ನೋಡುವ ರೂಢಿ ಇಟ್ಟುಕೊಂಡರೆ ಮುಗಿಯಿತು. ಸಾದಾ, ವೇಗದೂತ ಎಂಬುದೂ ಬಾಗಿಲ ಪಕ್ಕದಲ್ಲಿ ಕಾಣಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳು ಮೊದಲು ಹುಡುಕುವುದೇ ಅದನ್ನು. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವಂಥ ಅಂತರರಾಜ್ಯ ಬಸ್ಸಿಗೆ ಆ ಯೋಜನೆ ಇಲ್ಲ, ಅದು ಹತ್ತುವ ಮೊದಲೇ ಗೊತ್ತಾಗಬೇಕು.

ತುಂಗಭದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದಾಗ ಗಂಗಾವತಿಯ ಬಸ್ಸುಗಳು ಕಡೆಬಾಗಿಲು ಸೇತುವೆಯ ಮೇಲೆ ಸುತ್ತಿ ಹೋಗುತ್ತವೆ. ಬೋರ್ಡಿನೊಳಗೆ ತುಂಬಿಟ್ಟ ಸಾಲು ಮಾತ್ರ “ಕಂಪ್ಲಿ ಮೇಲೆ” ಎಂದೇ ಹೇಳುತ್ತಿರುತ್ತದೆ. ಇಂಥ ದಿನಕ್ಕೆಂದು ಮೊದಲೇ ಒಂದು ಪುಟ ಮಾಡಿ ಪೆನ್‌ಡ್ರೈವಿನಲ್ಲಿಡಿ. ಎಲ್‌ಇಡಿ ಕೆಟ್ಟ ದಿನಕ್ಕೂ ಆಗುವ ಹಾಗೆ ಒಂದು ತಗಡಿನ ಬೋರ್ಡೂ ಇರಲಿ: ಹೊಳಪಿಲ್ಲದ ಕಪ್ಪು ಮೈ, ಹಳದಿ ಅಕ್ಷರ, ಒತ್ತು ಬಿಟ್ಟು ಒಂದು ಗೇಣಿಗೆ ಕಡಿಮೆಯಿಲ್ಲದ ಎತ್ತರ. ಎಡಗಡೆ, ಬಾಗಿಲ ಬದಿಯ ಗಾಜಿನ ಒಳಗೆ, ಚಾಲಕರ ನೋಟಕ್ಕೆ ಅಡ್ಡ ಬಾರದಂತೆ ನಿಲ್ಲಿಸಿ. ಕಂಪ್ಲಿಯೂ ಕ, ಕಡೆಬಾಗಿಲೂ ಕ. ಆದ್ದರಿಂದ ಸುತ್ತು ದಾರಿಯ ತಗಡಿಗೆ ಮಾತ್ರ ಹಳದಿ ಮೈ, ಕಪ್ಪು ಅಕ್ಷರ ಹೊಡೆಸಿ. ಓದುವ ಮೊದಲೇ ಬಣ್ಣ ನೋಡಿ ಇವತ್ತು ದಾರಿ ಬೇರೆ ಎಂದು ತಿಳಿದು ಜನ ಕೇಳುತ್ತಾರೆ.